ಕಾವಿಗೆ ಇಟ್ಟ ಕಣ್ಣಿನ ಹುಣ್ಣು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿಯಲ್ಲಿ ಕಣ್ಣಿನ ಡಾಕ್ಟರಾಗಿದ್ದೆ. ಹೊಸ ಡಿಗ್ರಿ, ಮೂಗಿನ ತುದಿಯಲ್ಲೇ ಕೋಪ. ಭತ್ತ ಬಡಿಯುವಾಗ ಕಣ್ಣಿಗೆ ಹುಲ್ಲು ಚುಚ್ಚಿಸಿಕೊಂಡ ಹೆಂಗಸೊಬ್ಬಳು ನ್ಯಾಮತಿ ಕಡೆಯಿಂದ ಬಂದಳು. ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣು. ಇನ್ನೊಂದು ಕಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದದ್ದು ಇದೊಂದೇ.

ಹುಣ್ಣು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎಳೆ ಎಳೆಯಾಗಿ ಕಂಡಿತು. ಬೂಷ್ಟು ಎಂದು ತೀರ್ಪು ಕೊಟ್ಟು ಅದರ ಹನಿ ಹಾಕಿಸಿದೆ. ವಾರವಾದರೂ ಹುಣ್ಣು ಹಿಗ್ಗಿತೇ ಹೊರತು ತಗ್ಗಲಿಲ್ಲ. ಕೆರೆದದ್ದನ್ನು ಗಾಜಿನ ನಳಿಕೆಯಲ್ಲಿ ಬೆಳೆಸಿ ನೋಡಬೇಕಿತ್ತು, ಅದಕ್ಕೆ ಹಗಲೂ ರಾತ್ರಿ ಒಂದೇ ಸಮ ಕಾವು ಬೇಕು. ನಮ್ಮ ಕಾವುಪೆಟ್ಟಿಗೆ ಸುಟ್ಟುಹೋಗಿತ್ತು. ಹೊಸದು ಕೊಡಿ ಎಂದು ಬರೆದರೆ, ಹಳೆಯದು ಕೆಲಸ ಮಾಡುತ್ತಿದೆ ಎಂಬ ಸರ್ಟಿಫಿಕೇಟ್ ಲಗತ್ತಿಸಿ ಎಂದು ಉತ್ತರ ಬಂತು.

ಆಸ್ಪತ್ರೆಯ ಆಯಾ, "ಕಾವು ತಾನೇ ಸಾರ್? ನಮ್ಮ ಕೋಳಿ ನಿನ್ನೆಯಿಂದ ಕೂತೈತೆ" ಎಂದಳು. ಬೈದೆ. ಮರುದಿನ ನಳಿಕೆ ಹಿಡಿದು ಅವಳ ಮನೆಗೇ ಹೋದೆ.

ಬುಟ್ಟಿಗೆ ಕೈ ಅಡ್ಡ ಹಿಡಿದಳು. "ಹನ್ನೊಂದು ಮೊಟ್ಟೆ ಇಟ್ಟೀನಿ. ನಿಮ್ದು ಸೇರಿದ್ರೆ ಹನ್ನೆರಡು. ಸರಿಸಂಖ್ಯೆ ಆದ್ರೆ ಮರಿ ಆಗಲ್ಲ ಸಾರ್. ಇನ್ನೊಂದು ತರ್ರಿ."

ವಿಜ್ಞಾನದ ಬಗ್ಗೆ ಭಾಷಣ ಬಿಗಿದೆ. ಅವಳು ಜಗ್ಗಲಿಲ್ಲ, ಕೋಳಿಯೂ ಜಗ್ಗಲಿಲ್ಲ. ಹಲ್ಲು ಕಚ್ಚಿಕೊಂಡು ವಾಪಸ್ ಹೋಗಿ, ಪಾಪದ ಹೆಂಗಸಿನ ಕಣ್ಣನ್ನು ಇನ್ನೊಮ್ಮೆ ಕೆರೆದು ಎರಡನೇ ನಳಿಕೆ ತಂದೆ. ಕೇಸ್ ಶೀಟಿನಲ್ಲಿ ಮೂವತ್ತೇಳು ಡಿಗ್ರಿ ಎಂದು ಬರೆದೆ. ಯಾವುದರ ಅಡಿಯಲ್ಲಿ ಎಂದು ಬರೆಯಲಿಲ್ಲ.

ಮೊದಲ ನಳಿಕೆಯನ್ನು ಕೋಳಿ ಒಪ್ಪಲೇ ಇಲ್ಲ. ದಿನಾ ಆಚೆ ತಳ್ಳಿತು. ತಣ್ಣಗೆ ಬಿದ್ದಿದ್ದ ಅದರಲ್ಲಿ ಏನೂ ಬೆಳೆಯಲಿಲ್ಲ. ಎರಡನೆಯದರಲ್ಲಿ ಆರನೇ ದಿನ ಸುಣ್ಣದ ಪುಡಿಯಂಥ ಚುಕ್ಕೆಗಳು ಎದ್ದವು. ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ. ಕ್ಷಯದ ರೋಗಾಣುವಿಗೆ ಹಾಕುವ ಬಣ್ಣ ಹಾಕಿದೆ, ಕೆಂಪಾಯಿತು. ಬೂಷ್ಟಲ್ಲ, ಬೂಷ್ಟಿನ ವೇಷ ಹಾಕಿದ ಮಣ್ಣಿನ ಬ್ಯಾಕ್ಟೀರಿಯಾ. ಅದರ ಮದ್ದು ನಮ್ಮ ಕಪಾಟಿನಲ್ಲೇ ಇದ್ದ ಸಲ್ಫಾ ಹನಿ. ಎರಡು ವಾರ ಅವಳ ಕಣ್ಣು ಸುಟ್ಟದ್ದು ನನ್ನ ಜಂಬ. ನಾಚಿಕೆಯಾಯಿತು.

ಆ ಹನಿ ಹಾಕಿಸಿ ತಿಂಗಳ ಮೇಲೆ, ಆಸ್ಪತ್ರೆಯ ವರಾಂಡದಲ್ಲಿ ಆ ಹೆಂಗಸಿನ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳಿದೆ. ಅವಳು ನನ್ನ ಬೆರಳು ಬಿಟ್ಟು, ಆಯಾ ಅಂಗಳಕ್ಕೆ ತಂದು ಬಿಟ್ಟಿದ್ದ ಕೋಳಿಯನ್ನು ನೋಡುತ್ತಿದ್ದಳು.

"ಹತ್ತು ಮರಿ ಅದಾವ್ರೀ."

ನಾನೂ ತಿರುಗಿ ಎಣಿಸಿದೆ. "ಒಂಬತ್ತಮ್ಮ" ಎಂದು, ಅವಳ ಕಣ್ಣು ನೋಡಲು ಟಾರ್ಚ್ ತೆಗೆದೆ.

"ಸರಿಯಾಗಿ ನೋಡ್ರಿ ಸಾರ್, ರೆಕ್ಕೆ ಸಂದ್ಯಾಗೊಂದು ಐತೆ."

ಬಗ್ಗಿ ನೋಡಿದೆ. ಇತ್ತು.