ಬೇಸ್ ಗಿಟಾರಿಗೆ ಜೀವಾಳಿ ಹಾಕಿಸಿದ್ದು

ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಬೇಸ್ ಗಿಟಾರು ನುಡಿಸುತ್ತೇನೆ. ದಪ್ಪ ತಂತಿ ನಾಲ್ಕು. ಹಾಡಿನ ಕೆಳಗೆ ನೆಲದಂತೆ ಬಿದ್ದಿರುವುದೇ ಅದರ ಧರ್ಮ. ಸಾಂಗಲಿಯ ಪೇಟೆಯ ನಮ್ಮ ಅಂಗಡಿಯಲ್ಲಿ ಮೂವತ್ತು ವರ್ಷ ಸೀರೆ ಮಡಚಿದವನಿಗೆ ಈ ಧರ್ಮ ಕಷ್ಟವಾಗಲಿಲ್ಲ. ಕಷ್ಟವಾದದ್ದು ಗಿಟಾರಿನ ಕುತ್ತಿಗೆ. ಮಳೆಗಾಲದಲ್ಲಿ ಮರ ಉಬ್ಬಿ ಮುಂದಕ್ಕೆ ಬಾಗಿತೆಂದು, ಅದರೊಳಗಿನ ಕಬ್ಬಿಣದ ಸಲಾಕೆಯನ್ನು ತಿರುಪಿನ ಕೀಲಿ ಹಾಕಿ ನಾನೇ ಬಿಗಿದೆ. ದೀಪಾವಳಿಯ ಹೊತ್ತಿಗೆ ಮರ ಒಣಗಿತು, ಸಲಾಕೆ ಮಾತ್ರ ಬಿಗಿದಂತೆಯೇ ಉಳಿಯಿತು. ಕುತ್ತಿಗೆ ಹಿಂದಕ್ಕೆ ಬಾಗಿ, ತಂತಿಗಳು ಲೋಹದ ಮೆಟ್ಟಿಲುಗಳಿಗೆ ತಾಗಿ, ಪ್ರತಿ ಸ್ವರವೂ ಝರ್ರೆನ್ನತೊಡಗಿತು.

ನಮ್ಮ ತಾಲೀಮು ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ. ಮುಖ್ಯಸ್ಥನೆಂದರೆ ಕೀಬೋರ್ಡು ನುಡಿಸುವ ತರುಣ. ಅವನು ಹಾಡು ನಿಲ್ಲಿಸಿದ.

"ಕಾಕಾ, ಡಬ್ಬ್ಯಾಗ ದುಂಬಿ ಹೊಕ್ಕಂಗ ಕೇಳಸ್ತದಲ್ರಿ."

"ಹವಾ ಬದಲಾಗೇತಿ," ಅಂದೆ.

"ರವಿವಾರ ಮಾಧವನಗರದಾಗ ರಿಸೆಪ್ಶನ್ ಐತಿ. ಅಷ್ಟರಾಗ ದುಂಬಿ ಹೊರಗ ಬರಲಿಲ್ಲಂದ್ರ ನೀವು ಬರೇ ಊಟಕ್ಕ ಬರ್ರಿ. ಬೇಸ್ ನಾನ ಕೀಬೋರ್ಡಿನ್ಯಾಗ ಹಾಕ್ಕೋತೀನಿ."

ಊಟಕ್ಕೆ ಕರೆಯುವುದು ಗೌರವವೇ. ಆದರೆ ಅಂಗಡಿ ಮಗನ ಕೈಗೆ ಹೋದಮೇಲೆ, ನಾನು ತಡಮಾಡಿದರೆ ಯಾರಾದರೂ ಗಡಿಯಾರ ನೋಡುವ ಜಾಗ ಆ ಶೆಡ್ಡೊಂದೇ ಉಳಿದಿತ್ತು.

ಮಿರಜದಲ್ಲಿ ತಂಬೂರಿ ಮಾಡುವ ಹಿರಿಯರೊಬ್ಬರು ನಮ್ಮ ಹಳೆಯ ಗಿರಾಕಿ. ತಂತಿಯೆಂದರೆ ತಂತಿ ಎಂಬ ತರ್ಕದಿಂದ ಬುಧವಾರ ಗಿಟಾರನ್ನೂ ಪುಟ್ಟ ಸ್ಪೀಕರನ್ನೂ ಅವರ ಮುಂದಿಟ್ಟೆ. ಅವರು ಒಂದು ತಂತಿ ಮೀಟಿ, ಕಣ್ಣು ಮುಚ್ಚಿ, ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ ಹೇಳಿದರು: "ಝೇಂಕಾರ ಅರ್ಧಮರ್ಧ ಐತ್ರಿ ಸಾವಕಾರ್ರ."

"ಅದನ್ನ ತಗೀಬೇಕ್ರಿ."

"ನಮ್ಮಪ್ಪನ ಮುಂದ, ನಮ್ಮಜ್ಜನ ಮುಂದ, ಯಾರೂ ಬಂದು ಇದನ್ನ ತಗೀರಿ ಅಂದಿಲ್ಲ. ಎಲ್ಲಾರೂ ಹಾಕ್ರಿ ಅಂತಾರ. ನೀವು ಸಂಕೋಚ ಮಾಡ್ಕೋಬ್ಯಾಡ್ರಿ. ಶನಿವಾರ ಬರ್ರಿ."

ಸಂಕೋಚಕ್ಕೆ ಕಾರಣವೇನೆಂದು ನಾನು ಕೇಳಬೇಕಿತ್ತು.

ಶನಿವಾರ ಹೋದಾಗ ತಂತಿಗಳು ಒರಗುವ ಲೋಹದ ಕುದುರೆ ಮಾಯವಾಗಿತ್ತು. ಅದರ ಜಾಗದಲ್ಲಿ ಎಲುಬಿನ ಅಗಲವಾದ ಕುದುರೆ. ಅದರ ಮೇಲೆ, ಪ್ರತಿ ತಂತಿಯ ಕೆಳಗೆ, ನಾದ ಝೇಂಕರಿಸಲೆಂದು ತಂಬೂರಿಗೆ ಹಾಕುವ ಜೀವಾಳಿಯ ರೇಷ್ಮೆ ಎಳೆ. ಹಿರಿಯರು ದಪ್ಪ ತಂತಿಯನ್ನು ಮೀಟಿದರು. ಸ್ವರ ಹೊರಟಿತು, ನಿಲ್ಲಲಿಲ್ಲ. ಚಹಾ ಬಂತು, ಕುಡಿದೆವು, ಕಪ್ಪು ತೊಳೆದಿಟ್ಟರು. ಅದು ಇನ್ನೂ ಎಲ್ಲೋ ನಡೆದೇ ಇತ್ತು. ಪಕ್ಕದ ಅಂಗಡಿಗಳ ಇಬ್ಬರು ಚಪ್ಪಲಿ ಕಳಚಿ ಬಂದು ಕುಳಿತರು. ಒಬ್ಬರು ಮೆಲ್ಲಗೆ ಕೇಳಿದರು: "ಇದರ ಮುಂದ ಯಾರು ಹಾಡತಾರ್ರಿ?"

"ನಾಳೆ ಮದುಮಕ್ಕಳು ಕುಣೀತಾರ," ಅಂದೆ.

ಅವರು ಗಿಟಾರನ್ನೂ ನನ್ನನ್ನೂ ಒಮ್ಮೆ ನೋಡಿ, ಹಿರಿಯರ ಕಡೆಗೆ ತಿರುಗಿದರು.

ನಿಜ ಹೇಳಬೇಕೆಂದರೆ ನಾನೂ ಇನ್ನೊಮ್ಮೆ ಮೀಟಿಸಿ ಕೇಳಿದೆ. ಆದರೆ ಈ ನಾದಕ್ಕೆ ಮದುವೆಯ ಮಂದಿ ಕುಣಿಯುವುದಿಲ್ಲ. ಸಾಲಾಗಿ ಕುಳಿತು ಕಣ್ಣು ಮುಚ್ಚುತ್ತಾರೆ.

"ಭಾಳ ಛಲೋ ಆಗೇತ್ರಿ. ಆದ್ರ ತಗೀಬೇಕು."

"ನನ್ನ ಕೈಲೆ ಆಗೂದಿಲ್ಲ. ನೀವ ತಗೀರಿ." ಹೀಗೆಂದು ಹಿರಿಯರು ಹಳೆಯ ಕುದುರೆಯಿದ್ದ ಬಿಸ್ಕಿಟ್ ಡಬ್ಬಿಯನ್ನು ನನ್ನತ್ತ ಸರಿಸಿ, ಗೋಡೆಯ ಕಡೆ ಮುಖ ಮಾಡಿ ಕುಳಿತರು.

ಎಲುಬನ್ನು ಎತ್ತಿದೆ, ಲೋಹ ಕೂರಿಸಿದೆ, ತಂತಿ ಏರಿಸಿ ಶ್ರುತಿ ಮಾಡಿದೆ. ಕುತ್ತಿಗೆಗೆ ಕೀಲಿ ಹಾಕಿದಾಗ ಗೋಡೆ ಮಾತಾಡಿತು.

"ಸಡ್ಲ ಮಾಡ್ರಿ. ಪಾವ್ ಸುತ್ತು... ಪಾವ್ ಅಂದೆ, ಅರ್ಧ ಅನ್ನಲಿಲ್ಲ."

"ನಿಮಗ ಕಾಣಸ್ತದೇನ್ರಿ?"

"ಕಿವಿ ಅದಾವಲ್ರಿ, ದುರ್ದೈವ."

ಆಮೇಲೆ ಕುದುರೆಯ ಸಣ್ಣ ತಿರುಪುಮೊಳೆಗಳನ್ನು ತಿರುಗಿಸಿ ಒಂದೊಂದೇ ತಂತಿಯನ್ನು ಕೂದಲೆಳೆಯಷ್ಟು ಎತ್ತುತ್ತ ಹೋದೆ. ಝರ್ರೆನ್ನುವುದು ನಿಂತಾಗಲೆಲ್ಲ ಹಿರಿಯರು ಘೋಷಿಸುತ್ತಿದ್ದರು: "ಇದು ಹೋತು. ಮುಂದಿನದು." ಮೂರು ಸುಲಭವಾಗಿ ಹೋದವು. ನಾಲ್ಕನೆಯದು, ಎಲ್ಲಕ್ಕಿಂತ ದಪ್ಪನೆಯದು, ಒಪ್ಪಲಿಲ್ಲ. ಎತ್ತಿದೆ, ಇಳಿಸಿದೆ, ಅರ್ಧ ತಾಸು ಬೆವರಿದೆ. ಕೊನೆಗೆ ಹಿರಿಯರು ಮುಖ ತಿರುಗಿಸದೆಯೇ ಹಿಂದಕ್ಕೆ ಕೈ ಚಾಚಿದರು. ಕೀಲಿಯನ್ನು ಕೈಗಿಟ್ಟು, ಗಿಟಾರನ್ನು ಅವರ ಬೆನ್ನ ಹತ್ತಿರ ಒಯ್ದೆ. ಬೆರಳಿನಲ್ಲಿ ಮೊಳೆ ತಡವಿ, ಕೀಲಿ ಹಾಕಿ, ಇಷ್ಟೇ ಇಷ್ಟು ತಿರುಗಿಸಿ, ವಾಪಸು ಕೊಟ್ಟರು. ಮೀಟಿದೆ. ಸ್ವರ ಬಂತು, ಹೋಯಿತು. ಪಕ್ಕದ ಅಂಗಡಿಯವರು ಎದ್ದು, ಹೋಗಿಬರುತ್ತೇವೆ ಎನ್ನದೆ ಚಪ್ಪಲಿ ಮೆಟ್ಟಿಕೊಂಡರು.

ರವಿವಾರ ಮಾಧವನಗರದಲ್ಲಿ ಮೊದಲ ಹಾಡಿಗೆ ತರುಣ ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿಟ್ಟಿದ್ದ. ಎಡಗೈ ಕೆಳಗಿನ ಸ್ವರಗಳನ್ನು ಒತ್ತುತ್ತ ನನ್ನ ಜಾಗ ಕಾಯುತ್ತಿತ್ತು. ಎರಡನೆಯ ಹಾಡಿನ ನಡುವೆ ಆ ಕೈ ನಿಂತಿತು, ಮೇಲೆದ್ದಿತು, ಪಕ್ಕದ ಸ್ಟೂಲಿನ ಮೇಲೆ ತಡಕಾಡಿ ಚಹಾದ ಲೋಟ ಹಿಡಿಯಿತು. ಹಾಡು ಮುಗಿಯುವವರೆಗೂ ಅಲ್ಲಿಂದ ಮರಳಲಿಲ್ಲ.