ಕಂಬಳಿ ಹಾಸ್ಟೆಲಿನಲ್ಲೇ ಉಳಿಯಿತು

ನಮ್ಮ ಮೊಮ್ಮಗ ಕಾಲೇಜಿನಲ್ಲೇ ಉಳಿಯುತ್ತಾನೆ! ಆಸ್ಪರಿ ಸ್ಟೇಷನ್ನಿನಿಂದ ಮನೆಯವರೆಗೆ ಎದುರು ಸಿಕ್ಕವರಿಗೆಲ್ಲ ಇದೇ ಮಾತು ಹೇಳಿಕೊಂಡು ಬಂದೆ. ಕೇಳದವರನ್ನೂ ನಿಲ್ಲಿಸಿ ಹೇಳಿದೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು ಇದು. ಹತ್ತು ದಿನದ ಹಿಂದೆ ನಾನೇ ಅವನನ್ನು ರೈಲಿನಲ್ಲಿ ಕರೆದೊಯ್ದು ಹಾಸ್ಟೆಲಿಗೆ ಬಿಟ್ಟು ಬಂದಿದ್ದೆ. ಕುರಿ ಕಾಯುವ ನಮ್ಮ ಮನೆತನದಲ್ಲಿ ನಾನು ಮೂರನೇ ಕ್ಲಾಸು, ಅವನಪ್ಪ ಅದೂ ಇಲ್ಲ. ಅಲ್ಲಿನ ಹುಡುಗರೋ ಇಸ್ತ್ರಿ ಅಂಗಿ ತೊಟ್ಟು ತೆಲುಗು, ಇಂಗ್ಲಿಷು ಮಾತಾಡುತ್ತಿದ್ದರು. ಇವನ ಹೆಗಲ ಮೇಲೆ ನಾನು ನೇಯ್ದ ಕರಿ ಕಂಬಳಿ. ಅದನ್ನು ನೋಡಿ ಒಬ್ಬ "ಮೇ ಮೇ" ಎಂದ. ಉಳಿದವರು ನಕ್ಕರು.

ಮೊಮ್ಮಗ ಕಂಬಳಿಯನ್ನು ಮಡಿಸಿ ಬೆನ್ನ ಹಿಂದೆ ಹಿಡಿದುಕೊಂಡ. "ತಾತ, ನಂಗಿದು ಒಗ್ಗಂಗಿಲ್ಲ. ಊರಿಗೆ ಹೋಗಾಣು ನಡಿ."

"ಹತ್ತು ದಿನ ನೋಡಲೇ. ಹೊಸ ಕುರಿ ಹಿಂಡಿಗೆ ಬಿಟ್ರ ನಾವು ಏನು ನೋಡ್ತೀವಿ? ನೀರಿನ ತೊಟ್ಟಿ ಹತ್ರ ಉಳಿದವು ಅದಕ್ಕ ಜಾಗ ಬಿಡ್ತಾವೋ ಇಲ್ಲೋ ಅಂತ. ನೀನೂ ಊಟದ ಸಾಲಿನ್ಯಾಗ ಅದನ್ನ ನೋಡು. ಹತ್ತನೇ ದಿನ ಬಂದು ಹೇಳು. ಬಿಡಲಿಲ್ಲ ಅಂದ್ರ ಕಂಬಳಿ ಹೊತ್ಕಂಡೇ ಬಂದ್ಬಿಡು."

ಹೇಳಿ ಬಂದೆನೇ ಹೊರತು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆಳಗಿನ ರೈಲು ಕೂಗಿದರೆ ಬಾಗಿಲಿಗೆ ಬರುವುದು, ಸಂಜೆಯದು ಕೂಗಿದರೆ ಮತ್ತೆ. ತುತ್ತು ಕೈಯಲ್ಲಿದ್ದಾಗಲೇ, ಅವನಿಗೆ ಜಾಗ ಬಿಟ್ಟಿರಬಹುದೇ ಎಂದು ಏಳುವುದು. ಕುರಿ ಎಣಿಸಲು ಹೋಗಿ ಎರಡು ಸಲ ತಪ್ಪಿದೆ. ಹೆಂಡತಿ ಬೈದಳು: "ಒಂದ್ ಕಡಿ ಕುಂದ್ರಬಾರದಾ? ನಿಮ್ಮ ಹಿಂದ ತಿರುಗಿ ನಾಯಿ ಸುದ್ದ ದಣದೈತಿ!"

ಹತ್ತನೆಯ ದಿನ ಸ್ಟೇಷನ್ನಿಗೆ ಹೋಗಿ ನಿಂತೆ. ರೈಲಿನಿಂದ ಇಳಿದ. ಹೆಗಲ ಮೇಲೆ ಕಂಬಳಿಯಿಲ್ಲ. ಮಂದಿಯನ್ನು ಸರಿಸಿಕೊಂಡು ಅವನ ಹತ್ತಿರ ಹೋದೆ.

"ಕಂಬಳಿ ಎಲ್ಲಪ್ಪಾ? ಕಸಗೊಂಡ್ರೇನು?"

"ಇಲ್ಲ ತಾತ, ರೂಮಿನ್ಯಾಗ ಹಾಸೀನಿ. ನಾಲ್ಕು ಮಂದಿ ಅದರ ಮ್ಯಾಲ ಕುಂತು ಓದ್ತೀವಿ."

"ಆ ಮೇ ಮೇ ಅಂದವ?"

"ಅವನೂ ಒಬ್ಬ! 'ನೀ ಕೂಗಿದ್ದು ಆಡು, ಕುರಿ ಹಂಗ ಕೂಗಂಗಿಲ್ಲ' ಅಂದು ಕೂಗಿ ತೋರಿಸಿದೆ. ಎಲ್ರೂ ಬಿದ್ದು ಬಿದ್ದು ನಕ್ಕರು. ಈಗ ಕಲಿಸು ಅಂತ ಬೆನ್ನು ಬಿದ್ದಾನ."

"ಊಟದ ಸಾಲು?"

"ನಿನ್ನೆ ನಂಗ ತಡ ಆತು. ಹೋದ್ರ, ನಡುವ ನಂಗಂತ ಒಂದು ಖಾಲಿ ತಟ್ಟೆ ಇಟ್ಕಂಡು ಕುಂತಿದ್ರು. 'ರಾರಾ, ಬಾರೋ, ಇದು ನಿನ್ನ ಜಾಗ' ಅಂದ್ರು. ನಾಳೆ ವಾಪಸ್ ಹೋಗ್ತೀನಿ ತಾತ. ಅಜ್ಜಿಗೆ ಶೇಂಗಾ ಚಟ್ನಿ ಜಾಸ್ತಿ ಮಾಡಂತ ಹೇಳು, ನಾಲ್ಕು ಮಂದಿಗೆ ಬೇಕು."

ಆ ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಬಡಿಸಿ ಆಮೇಲೆ ಉಣ್ಣುವ ನನ್ನ ಹೆಂಡತಿಯನ್ನೂ ಮೊಮ್ಮಗ ಕೈಹಿಡಿದು ಕೂರಿಸಿಕೊಂಡ. ಆಕೆ ಕೇಳಿದಳೆಂದು ಕುರಿಯ ಹಾಗೆ ಕೂಗಿದ. ಹಟ್ಟಿಯ ಮರಿಗಳೆಲ್ಲ ಒಟ್ಟಿಗೆ ಓಗೊಟ್ಟವು. "ಊಟದಾಗ ಏನಲೇ ಇದು!" ಎಂದು ನಗುತ್ತಲೇ ಆಕೆ ನನಗೆ ಇನ್ನೊಂದು ರೊಟ್ಟಿ ಹಾಕಿದಳು. ಊಟ ಮುಗಿಯುವವರೆಗೆ ನಾನು ಒಮ್ಮೆಯೂ ಮೇಲೇಳಲಿಲ್ಲ.