ಪೋಷಾಕಿನ ಸಾಹೇಬರು

ಸಿರಾದಲ್ಲಿ ನಾಟಕದ ಪೋಷಾಕುಗಳನ್ನು ಬಾಡಿಗೆಗೆ ಕೊಡುತ್ತಿದ್ದ ಸಾಹೇಬರು ತಮ್ಮ ಬಟ್ಟೆಗಳನ್ನು ಎಲ್ಲಿಗೂ ಒಂಟಿಯಾಗಿ ಕಳಿಸುತ್ತಿರಲಿಲ್ಲ. ಅವುಗಳ ಹಿಂದೆ ತಾವೂ ಹೋಗುತ್ತಿದ್ದರು. ರಾಜನ ಪೋಷಾಕು ತೊಟ್ಟವನು ಯಾರೇ ಆಗಿರಲಿ, ಅದನ್ನು ಬಿಚ್ಚುವವರೆಗೆ ಅವನು ಅವರಿಗೆ ಮಹಾರಾಜನೇ. "ಮಹಾರಾಜ್ರೇ, ಜರಿ ಹುಷಾರು" ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದರು.

ಒಂದು ಭಾನುವಾರ ನಾವು ಮೂವರು ಗೆಳೆಯರು ಪಾಳೆಯಗಾರರ ವೇಷದಲ್ಲಿ ಫೋಟೋ ತೆಗೆಸಿಕೊಳ್ಳಲು ಮಧುಗಿರಿ ಕೋಟೆಗೆ ಹೊರಟೆವು. ಸಾಹೇಬರೂ ಟ್ರಂಕು ಹೊತ್ತು ಬಂದರು. ಬೆಟ್ಟದ ಬುಡದಲ್ಲೇ ವೇಷ ಕಟ್ಟಿದರು. ಬರಿಗಾಲಲ್ಲಿ ಹತ್ತಿ ಎಂದು ಅವರು ಎಷ್ಟು ಬೇಡಿಕೊಂಡರೂ ನಾನು ವೇಷದ ಜೊತೆ ಕೊಟ್ಟಿದ್ದ ಆ ತುದಿ ಮೇಲೆದ್ದ ಜೋಡನ್ನು ಬಿಡಲಿಲ್ಲ. ದೊರೆ ಎಲ್ಲಾದರೂ ಬರಿಗಾಲಲ್ಲಿ ನಡೆಯುತ್ತಾನೆಯೇ!

ಕಡಿದಾದ ಬಂಡೆಯಲ್ಲಿ ಕೊರೆದ ಮೆಟ್ಟಿಲ ಮೇಲಿಂದ ಜೋಡು ಜಾರಿತು. ನಾನು ಪಕ್ಕದ ಇಳಿಜಾರು ಬಂಡೆಗೆ ಕವುಚಿ ಬಿದ್ದು, ಅಲ್ಲಾಡಲಾರದೆ ಕಣ್ಣು ಮುಚ್ಚಿಕೊಂಡೆ. ತಗಡಿನ ಕಿರೀಟ ಸದ್ದು ಮಾಡುತ್ತಾ ಕೆಳಗುರುಳಿತು.

"ಲೇ ಬೇಟಾ! ಕೆಳಗ್ ನೋಡ್ಬ್ಯಾಡ ಕಣ್ಲಾ, ನನ್ ಕೈ ಹಿಡ್ಕೊ!"

ಸಾಹೇಬರು ಮೆಟ್ಟಿಲ ಮೇಲೆ ಬೋರಲು ಮಲಗಿ, ನನ್ನ ಮಣಿಕಟ್ಟು ಹಿಡಿದು ಎಳೆದರು. ನಾನು ತೊಟ್ಟ ಅಂಗಿಯ ಜರಿ ಬಂಡೆಗೆ ಉಜ್ಜಿ ಪರಪರ ಹರಿಯಿತು. ಅವರು ಅತ್ತ ನೋಡಲೇ ಇಲ್ಲ.

ಮೆಟ್ಟಿಲಿಗೆ ಬಂದು ಕೂತ ಮೇಲೆ ನನಗೆ ಹೋದ ಜೀವ ಬಂದಂತಾಯಿತು. ಸಾಹೇಬರು ನನ್ನ ಕೈಕಾಲುಗಳನ್ನು ಒತ್ತಿ ಒತ್ತಿ ನೋಡಿದರು. ಎಲ್ಲ ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ ಎದ್ದು, ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ ಸಲಾಂ ಮಾಡಿದರು.

"ಮಹಾರಾಜ್ರೇ, ಈಗ್ಲಾದ್ರೂ ಜೋಡು ಬಿಚ್ತೀರಾ?"